ರೆಕ್ಕೆಯ ಟ್ಯಾಂಕಿನಿಂದ ಎಂಜಿನ್ನಿನ ಬೆಂಕಿಯವರೆಗೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷಣಕ್ಕೆ ಕರೆದಾಗ ಮುಖ್ಯೋಪಾಧ್ಯಾಯರು ಹೇಳಿದ್ದು ಒಂದೇ ಮಾತು: "ಮಕ್ಕಳಿಗೆ ಸ್ಫೂರ್ತಿಯಾಗುವಂಥದ್ದು ಏನಾದರೂ ಹೇಳಿ." ಸ್ಫೂರ್ತಿಯ ಮಾತುಗಳು ಈಗ ಎಲ್ಲರ ಮೊಬೈಲಿನಲ್ಲೂ ಬೇಕಾದಷ್ಟಿವೆ. ನಾನು ಅದರ ಬದಲು ನನ್ನ ಕೆಲಸದ ಬಗ್ಗೆಯೇ ಹೇಳುತ್ತೇನೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸಾಫ್ಟ್‌ವೇರ್ ಎಂದರೆ ಬ್ಯಾಂಕಿನದು, ಆಪ್‌ಗಳದು ಎಂದು ಎಲ್ಲರೂ ತಿಳಿಯುತ್ತಾರೆ. ನಮ್ಮ ತಂಡದ್ದು ಬೇರೆ ಕೆಲಸ. ಸಣ್ಣ ಟರ್ಬೈನ್ ಎಂಜಿನ್ನಿಗೆ ಈ ಕ್ಷಣ ಎಷ್ಟು ಇಂಧನ ಕೊಡಬೇಕು ಎಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಪರೀಕ್ಷಿಸುವುದು. ನನ್ನ ಅಜ್ಜಿಗೆ ಇದನ್ನು ವಿವರಿಸಿದಾಗ, "ಹಾಗಾದರೆ ನೀನು ಎಣ್ಣೆ ಅಳೆಯುವವ" ಎಂದಳು. ಅದಕ್ಕಿಂತ ಸರಿಯಾಗಿ ನನ್ನ ಕೆಲಸವನ್ನು ಇದುವರೆಗೆ ಯಾರೂ ಹೇಳಿಲ್ಲ.

ಮೊದಲು ಟರ್ಬೈನ್ ಎಂದರೆ ಏನು ನೋಡೋಣ. ಜೋಗದ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರದಲ್ಲಿ ನೀರು ರಭಸದಿಂದ ಬಂದು ಚಕ್ರ ತಿರುಗಿಸುತ್ತದೆ. ಅದು ನೀರಿನ ಟರ್ಬೈನ್. ವಿಮಾನದಲ್ಲಿ ಚಕ್ರ ತಿರುಗಿಸುವುದು ಬಿಸಿಗಾಳಿ. ಮುಂದಿನಿಂದ ಒಳಗೆ ಬಂದ ಗಾಳಿಯನ್ನು ಒತ್ತಿ, ಅದಕ್ಕೆ ಇಂಧನ ಸಿಂಪಡಿಸಿ, ಉರಿಸಿ, ಆ ಬಿಸಿಗಾಳಿ ಹೊರಗೆ ಹೋಗುವ ದಾರಿಯಲ್ಲಿ ಚಕ್ರವನ್ನು ಇಡುತ್ತಾರೆ. ಆ ಚಕ್ರದಿಂದಲೇ ಗಾಳಿ ಒತ್ತುವ ಯಂತ್ರವೂ ತಿರುಗುತ್ತದೆ. ಸಣ್ಣ ವಿಮಾನಗಳಲ್ಲಿ ಉಳಿದ ಶಕ್ತಿ ಮುಂದಿನ ಪಂಖಕ್ಕೆ, ಅಂದರೆ ಪ್ರೊಪೆಲ್ಲರ್‌ಗೆ ಹೋಗುತ್ತದೆ. ಇಂಥದ್ದಕ್ಕೆ ಟರ್ಬೊಪ್ರಾಪ್ ಎನ್ನುತ್ತಾರೆ. ನಮ್ಮ ಕರಾವಳಿಯನ್ನು ಕಾಯುವ ನೌಕಾಪಡೆಯ, ಕರಾವಳಿ ಕಾವಲು ಪಡೆಯ ಡಾರ್ನಿಯರ್ 228 ವಿಮಾನಗಳು ಈ ಜಾತಿಯವು. ಅವನ್ನು ಎಚ್‌ಎಎಲ್ ಸಂಸ್ಥೆ ಕಾನ್ಪುರದಲ್ಲಿ ಕಟ್ಟುತ್ತದೆ. ಬೆಂಗಳೂರಿನಲ್ಲಿ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ಎಂಬ ತರಬೇತಿ ವಿಮಾನವೂ ಇದೇ ಜಾತಿ. ಅದು ಮೊದಲು ಹಾರಿದ್ದು 31 ಮೇ 2016ರಂದು. ವಾಯುಪಡೆಗೆ ಅಂಥ 70 ವಿಮಾನ ಒದಗಿಸುವ ಒಪ್ಪಂದ 2023ರ ಮಾರ್ಚಿನಲ್ಲಿ ಆಯಿತು. ಈ ಎರಡೂ ವಿಮಾನಗಳಲ್ಲಿರುವುದು ಟಿಪಿಇ331 ಎಂಬ ಒಂದೇ ಕುಟುಂಬದ ಎಂಜಿನ್ನು. ಅದರ ಒಳಗಿನ ಚಕ್ರ ನಿಮಿಷಕ್ಕೆ 41 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ನಮ್ಮ ಮನೆಯ ಮಿಕ್ಸರು ಅದರ ಅರ್ಧದಷ್ಟು ಓಡಿದರೇ ಅಡುಗೆಮನೆ ಅದುರುತ್ತದೆ.

ಇನ್ನು ಎಣ್ಣೆಯ ವಿಷಯ. ವಿಮಾನಕ್ಕೆ ಹಾಕುವುದು ಪೆಟ್ರೋಲು ಎಂದು ಬಹಳ ಜನ ಭಾವಿಸಿದ್ದಾರೆ. ಟರ್ಬೈನ್ ವಿಮಾನಕ್ಕೆ ಹಾಕುವುದು ಜೆಟ್ ಎ-1 ಎಂಬ ಇಂಧನ. ಅದು ರೇಷನ್ ಅಂಗಡಿಯಲ್ಲಿ ಸಾಲು ನಿಂತು ತರುತ್ತಿದ್ದ ಸೀಮೆಎಣ್ಣೆಯ ಅಣ್ಣ. ಜಾತಿ ಅದೇ, ಶುದ್ಧತೆ ಮಾತ್ರ ಬಹಳ ಹೆಚ್ಚು. ಮೈನಸ್ 47 ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ಗಟ್ಟಿಯಾಗಬಾರದು ಎಂದು ನಿಯಮವಿದೆ.

ಈ ಎಣ್ಣೆ ಇರುವುದು ಸಾಮಾನ್ಯವಾಗಿ ರೆಕ್ಕೆಯೊಳಗೆ. ಅಲ್ಲಿಂದ ಎಂಜಿನ್ನಿನವರೆಗೆ ಅದು ಹೇಗೆ ಹೋಗುತ್ತದೆ? ಇದನ್ನು ಬೇರೆ ಊರಿನಲ್ಲಿ ಹೇಳಬೇಕಾದರೆ ನಾನು ಚಿತ್ರ ತೋರಿಸಬೇಕು. ನಮ್ಮೂರಿನಲ್ಲಿ ಬೇಕಾಗಿಲ್ಲ. ಇಲ್ಲಿ ಕುಳಿತವರ ಮನೆಗಳಲ್ಲಿ ಅರ್ಧಕ್ಕರ್ಧ ಮನೆಗೆ ಗುಡ್ಡದ ಮೇಲಿನ ಅಬ್ಬಿಯ ನೀರು ಪೈಪಿನಲ್ಲಿ ಇಳಿದು ಬರುತ್ತದೆ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು, ಈಗ ಕರಿ ಪೈಪಿನಲ್ಲಿ. ಆ ಪೈಪಿನ ಕಷ್ಟಗಳೆಲ್ಲ ವಿಮಾನಕ್ಕೂ ಇವೆ.

ಮೊದಲ ಕಷ್ಟ ಗಾಳಿ. ಪೈಪು ಎಲ್ಲೋ ಏರಿ ಇಳಿದರೆ ನಡುವೆ ಗಾಳಿ ಹಿಡಿದು ನೀರು ನಿಲ್ಲುತ್ತದೆ. ಆಗ ಅಪ್ಪ ಕತ್ತಿ ಹಿಡಿದುಕೊಂಡು ಗುಡ್ಡ ಹತ್ತಿ, ಜೋಡಣೆ ಬಿಚ್ಚಿ ಗಾಳಿ ಬಿಡುತ್ತಾರೆ. ಆಕಾಶದಲ್ಲಿ ಹಾಗೆ ಬಿಚ್ಚುವವರು ಯಾರು? ವಿಮಾನ ಓರೆಯಾದಾಗ, ಮೂಗು ಎತ್ತಿದಾಗ ಟ್ಯಾಂಕಿನ ಎಣ್ಣೆ ಒಂದು ಮೂಲೆಗೆ ಓಡುತ್ತದೆ, ಪೈಪಿನ ಬಾಯಿ ಬರಿದಾಗುತ್ತದೆ. ಅದಕ್ಕೇ ದೊಡ್ಡ ಟ್ಯಾಂಕಿನ ತಗ್ಗಿನಲ್ಲಿ ಒಂದು ಸಣ್ಣ ಟ್ಯಾಂಕು ಇಡುತ್ತಾರೆ. ವಿಮಾನ ಹೇಗೇ ವಾಲಿದರೂ ಅದು ಯಾವಾಗಲೂ ತುಂಬಿರಬೇಕು. ಎಚ್‌ಟಿಟಿ-40ರಂಥ ತರಬೇತಿ ವಿಮಾನಗಳು ಮಗುಚಿಯೂ ಹಾರುತ್ತವೆ. ಮಗುಚಿದಾಗ ಎಣ್ಣೆಯೆಲ್ಲ ಟ್ಯಾಂಕಿನ ಮಾಡಿಗೆ ಹೋಗುತ್ತದೆ. ಅಂಥ ವಿಮಾನಗಳಿಗೆ ಸ್ವಲ್ಪ ಹೊತ್ತಿಗೆ ಸಾಕಾಗುವಷ್ಟು ಎಣ್ಣೆಯನ್ನು ಹಿಡಿದಿಡುವ ಬೇರೆ ವ್ಯವಸ್ಥೆ ಬೇಕು.

ಗಾಳಿ ಬೇಡವೆಂದೆ, ಆದರೆ ಟ್ಯಾಂಕಿಗೆ ಗಾಳಿ ಬೇಕು. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗೊಳಕ್ ಗೊಳಕ್ ಎಂದು ತಡೆದು ತಡೆದು ಬೀಳುತ್ತದೆ. ಆಚೆ ಬದಿಗೆ ಇನ್ನೊಂದು ತೂತು ಹೊಡೆದರೆ ಸಲೀಸು. ವಿಮಾನದ ಟ್ಯಾಂಕಿಗೂ ಆ ಎರಡನೇ ತೂತು ಇದೆ. ಕಣಜದ ಹುಳ ಗೂಡು ಕಟ್ಟಿ ಅದನ್ನು ಮುಚ್ಚಿತೆಂದರೆ ಎಣ್ಣೆ ಖಾಲಿಯಾದಂತೆ ಟ್ಯಾಂಕಿನೊಳಗೆ ಒತ್ತಡ ಇಳಿದು ಎಣ್ಣೆ ಬರುವುದು ನಿಲ್ಲಬಹುದು, ಟ್ಯಾಂಕಿನ ತಗಡೂ ಒಳಕ್ಕೆ ಜಗ್ಗಬಹುದು. ಕೋಟ್ಯಂತರ ರೂಪಾಯಿಯ ಯಂತ್ರ, ಒಂದು ಹುಳದ ಗೂಡು. ಹಾರುವ ಮೊದಲು ಆ ತೂತನ್ನು ಕಣ್ಣಿಟ್ಟು ನೋಡುವುದು ಪೈಲಟ್ಟಿನ ಕೆಲಸಗಳಲ್ಲಿ ಒಂದು.

ಇನ್ನು ಆ ಸಣ್ಣ ಟ್ಯಾಂಕನ್ನು ಸದಾ ತುಂಬಿಡುವುದು ಯಾವ ಪಂಪು? ಇದು ನನಗೆ ಬಹಳ ಇಷ್ಟವಾದ ಭಾಗ. ಅದಕ್ಕೆ ಮೋಟರಿಲ್ಲ, ತಿರುಗುವ ಭಾಗವೇ ಇಲ್ಲ. ನಮ್ಮ ಕೆಲವು ಬಾವಿಗಳಿಗೆ ಇಳಿಸಿರುವ ಜೆಟ್ ಪಂಪಿನ ತತ್ವವೇ ಅದು. ಜೋರಾಗಿ ಹರಿಯುವ ಒಂದು ಸಣ್ಣ ಧಾರೆಯನ್ನು ಕಿರಿದಾದ ಬಾಯಿಯಿಂದ ಬಿಟ್ಟರೆ ಅದರ ಸುತ್ತ ಒತ್ತಡ ಕಡಿಮೆಯಾಗಿ, ಪಕ್ಕದ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಮಕ್ಕಳೇ, ಮನೆಗೆ ಹೋಗಿ ಎರಡು ಕಾಗದವನ್ನು ಎದುರುಬದುರು ಹಿಡಿದು ನಡುವೆ ಊದಿ ನೋಡಿ. ಅವು ದೂರ ಹೋಗುವುದಿಲ್ಲ, ಹತ್ತಿರ ಬರುತ್ತವೆ. ಆ ಎರಡು ಕಾಗದದ ಆಟವೇ ಆಕಾಶದಲ್ಲಿ ಎಣ್ಣೆ ಎತ್ತುತ್ತದೆ. ಕೆಡುವಂಥ ಭಾಗ ಇಲ್ಲದ್ದರಿಂದ ಅದು ಕೆಡುವುದು ಅಪರೂಪ. ಜೊತೆಗೆ ಒಂದು ವಿದ್ಯುತ್ ಪಂಪೂ ಇರುತ್ತದೆ. ಎಂಜಿನ್ ಶುರು ಮಾಡುವಾಗ, ಒತ್ತಡ ಕಡಿಮೆಯಾದಾಗ ಅದು ಕೆಲಸಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಎಂಜಿನ್ನಿನ ಗೋಡೆಯ ಬಳಿ ಒಂದು ಕವಾಟ. ಎಂಜಿನ್ನಿಗೆ ಬೆಂಕಿ ಬಿದ್ದರೆ ಅದನ್ನು ಮುಚ್ಚಿ ಎಣ್ಣೆಯನ್ನು ಆಚೆಯೇ ನಿಲ್ಲಿಸಬೇಕು. ಆಮೇಲೆ ಸೋಸುವ ಜಾಲರಿ. ಆಮೇಲೆ ಎಂಜಿನ್ನೇ ತಿರುಗಿಸುವ ಹೆಚ್ಚು ಒತ್ತಡದ ಪಂಪು. ಕೊನೆಗೆ ಅಳತೆಯ ಕವಾಟ ಮತ್ತು ಸಿಂಪಡಿಸುವ ನಳಿಕೆಗಳು.

ನಳಿಕೆ ಎಂದರೆ ಕೊಳೆಮದ್ದು ನೆನಪಿಸಿಕೊಳ್ಳಿ. ಮಳೆಗಾಲದ ಮುಂಚೆ ಮೈಲುತುತ್ತು, ಸುಣ್ಣ ಕಲಸುವಾಗ ಹಿರಿಯರು ಏನು ಹೇಳುತ್ತಾರೆ? "ಸರಿಯಾಗಿ ಸೋಸಿ" ಎನ್ನುತ್ತಾರೆ. ಸುಣ್ಣದ ಒಂದು ಹರಳು ನಳಿಕೆಗೆ ಸಿಕ್ಕಿದರೆ ಮರದ ತುದಿಯಲ್ಲಿರುವ ಕೊನೆಗೌಡ ಕೆಳಗಿದ್ದವರಿಗೆ ಮಂಗಳಾರತಿ ಮಾಡುತ್ತಾನೆ. ಮದ್ದು ಮಂಜಿನಂತೆ ಬಿದ್ದರೆ ಮಾತ್ರ ಇಡೀ ಕೊನೆಗೆ ಹತ್ತುತ್ತದೆ, ಧಾರೆಯಾಗಿ ಬಿದ್ದರೆ ಸುರಿದು ಹೋಗುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಪಿಟಿ6ಎ ಎಂಬ ಹೆಸರಾಂತ ಸಣ್ಣ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 14 ನಳಿಕೆಗಳಿವೆ. ಮಂಜಿನಂತೆ ಸಿಂಪಡಿಸಿದ ಎಣ್ಣೆ ಪೂರ್ತಿ ಉರಿಯುತ್ತದೆ. ಒಂದು ನಳಿಕೆಯಿಂದ ಧಾರೆಯಾಗಿ ಬಂದರೆ ಬೆಂಕಿಯ ನಾಲಗೆ ಒಂದೇ ಕಡೆ ಚಾಚಿ ಅಲ್ಲಿನ ಲೋಹವನ್ನು ಸುಡುತ್ತದೆ. ಪಂಪ್ ಸ್ಟವ್ ಬಳಸಿದ ತಾಯಂದಿರಿಗೆ ಪಿನ್ನು ಹಾಕುವುದು ಯಾಕೆಂದು ಗೊತ್ತಿದೆ.

ಈಗ ಎರಡನೇ ಕಷ್ಟ, ನೀರು. ಎಣ್ಣೆಯಲ್ಲಿ ಸ್ವಲ್ಪ ನೀರು ಕಾಣದಂತೆ ಕರಗಿರುತ್ತದೆ. ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪು ಹೆಚ್ಚುತ್ತದೆ. ಕೆಳಗೆ 28 ಡಿಗ್ರಿ ಇದ್ದರೆ ಆರು ಸಾವಿರ ಮೀಟರಿನಲ್ಲಿ ಎಷ್ಟು? ಲೆಕ್ಕ ಹಾಕಿ. ಮೈನಸ್ 11. ಎಣ್ಣೆಗೆ ಅದು ಏನೂ ಅಲ್ಲ, ನೀರಿಗೆ ಅದು ಮಂಜುಗಡ್ಡೆ. ತಂಪಾದಂತೆ ಎಣ್ಣೆಯಿಂದ ಬಿಡುಗಡೆಯಾದ ನೀರು ಹರಳುಗಟ್ಟಿ ಜಾಲರಿಗೆ ಅಂಟುತ್ತದೆ. 17 ಜನವರಿ 2008ರಂದು ಬೀಜಿಂಗ್‌ನಿಂದ ಲಂಡನ್ನಿಗೆ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನ ರನ್‌ವೇ ಮುಟ್ಟುವ ಮೊದಲೇ ಹುಲ್ಲಿನ ಮೇಲೆ ಬಿತ್ತು. ಕೊನೆಯ ಗಳಿಗೆಯಲ್ಲಿ ಎರಡೂ ಎಂಜಿನ್ನಿಗೆ ಬೇಕಾದಷ್ಟು ಇಂಧನ ಬರಲಿಲ್ಲ. ಟ್ಯಾಂಕಿನಲ್ಲಿ ಎಣ್ಣೆ ಇತ್ತು. ದಾರಿಯಲ್ಲಿ, ಎಣ್ಣೆಯನ್ನು ಬಿಸಿ ಮಾಡುವ ಭಾಗದ ಬಾಯಿಗೇ ಮಂಜುಗಡ್ಡೆ ಕಟ್ಟಿಕೊಂಡಿತ್ತು ಎಂದು ತನಿಖೆ ಕಂಡುಹಿಡಿಯಿತು. ಒಳಗಿದ್ದ 152 ಜನರೂ ಬದುಕಿದರು. ಆಮೇಲೆ ಆ ಭಾಗದ ವಿನ್ಯಾಸವನ್ನೇ ಬದಲಿಸಿದರು.

ಸಣ್ಣ ವಿಮಾನಗಳಲ್ಲಿ ನೀರಿನ ವಿರುದ್ಧ ಮೂರು ಕಾವಲು. ಎಂಜಿನ್ನಿನ ಬಿಸಿ ಆಯಿಲಿನಿಂದ ಇಂಧನವನ್ನು ಬೆಚ್ಚಗೆ ಮಾಡುವುದು ಒಂದು. ಕೆಲವು ವಿಮಾನಗಳಲ್ಲಿ ನೀರು ಹೆಪ್ಪುಗಟ್ಟದಂತೆ ಇಂಧನಕ್ಕೆ ಒಂದು ದ್ರವ ಬೆರೆಸುವುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಅಗ್ಗದ್ದು. ನೀರು ಎಣ್ಣೆಗಿಂತ ಭಾರ, ಆದ್ದರಿಂದ ರಾತ್ರಿಯಿಡೀ ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಒಬ್ಬ ಕೆಲಸಗಾರ ರೆಕ್ಕೆಯ ಕೆಳಗೆ ಬಗ್ಗಿ, ತಳದ ಕವಾಟ ಒತ್ತಿ, ಗಾಜಿನ ಬಾಟಲಿಗೆ ಸ್ವಲ್ಪ ಎಣ್ಣೆ ಬಿಟ್ಟು, ಬೆಳಕಿಗೆ ಹಿಡಿದು ನೋಡುತ್ತಾನೆ. ತಳದಲ್ಲಿ ಗೋಲಿಯಂತೆ ನೀರು ನಿಂತಿದೆಯೇ ಎಂದು. ನಮ್ಮಂಥ ಮಳೆಯ ಪ್ರದೇಶದಲ್ಲಿ ಇದು ಇನ್ನೂ ಮುಖ್ಯ. ನೂರು ದಿನ ನೋಡಿದರೆ ತೊಂಬತ್ತೊಂಬತ್ತು ದಿನ ಏನೂ ಇರಲಿಕ್ಕಿಲ್ಲ. ಆದರೂ ನೂರನೇ ದಿನವೂ ಬಗ್ಗಬೇಕು. ಅವನ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಮೂರನೇ ಕಷ್ಟ ಅಳತೆ. ಇದಕ್ಕೆ ನಾನು ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡುತ್ತೇನೆ. ಇದು ಎಂಟನೇ ತರಗತಿಯ ಲೆಕ್ಕ. 23 ಜುಲೈ 1983ರಂದು ಕೆನಡಾದಲ್ಲಿ ಒಂದು ಬೋಯಿಂಗ್ 767 ವಿಮಾನಕ್ಕೆ ಒಟ್ಟು 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಟ್ಯಾಂಕಿನಲ್ಲಿ ಅದಾಗಲೇ 7,682 ಲೀಟರ್ ಇತ್ತು. ಇಂಧನದ ಸಾಂದ್ರತೆ ಲೀಟರಿಗೆ 0.803 ಕಿಲೋಗ್ರಾಂ. ಹಾಗಾದರೆ ಇದ್ದದ್ದು 6,169 ಕಿಲೋಗ್ರಾಂ. ಇನ್ನೂ 16,131 ಕಿಲೋಗ್ರಾಂ, ಅಂದರೆ ಸುಮಾರು 20,088 ಲೀಟರ್ ತುಂಬಬೇಕು. ಆದರೆ ಅವರು ಗುಣಿಸಿದ್ದು 1.77ರಿಂದ. ಅದು ಒಂದು ಲೀಟರಿನ ತೂಕ ಪೌಂಡಿನಲ್ಲಿ. ಬಂದ ಉತ್ತರದ ಮುಂದೆ ಕಿಲೋಗ್ರಾಂ ಎಂದು ಬರೆದುಕೊಂಡರು. ಹಾಗಾಗಿ ತುಂಬಿದ್ದು 4,917 ಲೀಟರ್ ಮಾತ್ರ. ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಎಣ್ಣೆಯಲ್ಲಿ ವಿಮಾನ ಹಾರಿತು. ಹಾರಾಟದ ನಡುವೆಯೇ ಎರಡೂ ಎಂಜಿನ್ ನಿಂತವು. ಪೈಲಟ್ಟುಗಳು ಆ ದೊಡ್ಡ ವಿಮಾನವನ್ನು ಗಾಳಿಪಟದಂತೆ ತೇಲಿಸಿಕೊಂಡು ಹೋಗಿ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಎಲ್ಲರೂ ಉಳಿದರು.

ಗಮನಿಸಿ, ಅಲ್ಲಿ ಗುಣಾಕಾರ ತಪ್ಪಿರಲಿಲ್ಲ. ಉತ್ತರದ ಮುಂದಿನ ಮಾನ ತಪ್ಪಿತ್ತು. ನಮ್ಮ ವಿಜ್ಞಾನದ ಮೇಷ್ಟ್ರು ಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕಡಿಯುತ್ತಿದ್ದರು. ನಾವೆಲ್ಲ ಗೊಣಗುತ್ತಿದ್ದೆವು. ಅವರು ಇಲ್ಲೇ ಕುಳಿತಿದ್ದಾರೆ. ಸರ್, ನೀವು ಪೂರ್ತಿ ಅಂಕ ಕಡಿಯಬಹುದಿತ್ತು.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಅಳತೆಯ ಕವಾಟ ಎಷ್ಟು ತೆರೆಯಬೇಕು? ಪೈಲಟ್ ಹೆಚ್ಚು ಶಕ್ತಿ ಕೇಳಿದ ಎಂದು ಒಮ್ಮೆಲೇ ಎಣ್ಣೆ ಸುರಿದರೆ ಎಂಜಿನ್ ಕಾದು ಕೆಂಪಾಗುತ್ತದೆ, ಒಳಗಿನ ಗಾಳಿ ಹಿಂದಕ್ಕೆ ಒದೆಯುತ್ತದೆ. ಬೇಗ ಕಡಿಮೆ ಮಾಡಿದರೆ ಬೆಂಕಿ ಆರುತ್ತದೆ. ಹೆಚ್ಚಿಗೆ ಒಂದು ಗೆರೆ, ಕಡಿಮೆಗೆ ಒಂದು ಗೆರೆ, ನಡುವಿನ ದಾರಿಯಲ್ಲೇ ಹೋಗಬೇಕು. ಹಳೆಯ ಎಂಜಿನ್ನುಗಳಲ್ಲಿ ಈ ಕೆಲಸವನ್ನು ಸ್ಪ್ರಿಂಗು, ತೂಕ, ಗಾಳಿಯ ಒತ್ತಡದ ಚೀಲಗಳು ಮಾಡುತ್ತಿದ್ದವು. ಹೊಸದರಲ್ಲಿ ಕಂಪ್ಯೂಟರು. ಅದು ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ವೇಗ, ಬಿಸಿ, ಒತ್ತಡ ಓದಿ ಹೊಸದಾಗಿ ಲೆಕ್ಕ ಹಾಕುತ್ತದೆ. ಇಂಥ ಪ್ರೋಗ್ರಾಮಿಗೆ ಡಿಓ-178ಸಿ ಎಂಬ ನಿಯಮಾವಳಿಯಿದೆ. ತಪ್ಪಿದರೆ ವಿಮಾನವೇ ಬೀಳಬಹುದಾದ ಪ್ರೋಗ್ರಾಮು ಅದರಲ್ಲಿ 'ಎ' ದರ್ಜೆ. ಬರೆದ ಒಂದೊಂದು ಸಾಲೂ ಯಾಕಿದೆ ಎಂದು ತೋರಿಸಬೇಕು, ಒಂದೊಂದು ಷರತ್ತೂ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ಬರೆದಿಡಬೇಕು.

ನಾನು ಹಿಂದೆ ಇದ್ದ ಒಂದು ಕಡೆ ನಡೆದದ್ದು ಹೇಳುತ್ತೇನೆ. ಪರೀಕ್ಷಾ ಮೇಜಿನ ಮೇಲೆ ಕವಾಟದ ಸ್ಥಾನ ತೋರಿಸುವ ಅಂಕಿ ಸಾವಿರಾರು ಓಟಗಳಲ್ಲಿ ಒಂದೇ ಒಂದು ಸಲ ಕುಪ್ಪಳಿಸಿತು. ಮತ್ತೆ ಓಡಿಸಿದರೆ ಏನೂ ಇಲ್ಲ. ಕೆಲಸ ಒಪ್ಪಿಸುವ ದಿನ ಹತ್ತಿರ ಬಂದಿತ್ತು. "ಮೇಜಿನದೇ ದೋಷ ಇರಬೇಕು, ಸಹಿ ಹಾಕಿ" ಎಂದು ಮೇಲಿನವರ ಒತ್ತಾಯ. ನಮ್ಮ ತಂಡದ ಹಿರಿಯ ಮೇಡಂ ಸಹಿ ಹಾಕಲಿಲ್ಲ. "ಇರಬೇಕು ಎಂಬುದಕ್ಕೆ ನಾನು ಸಹಿ ಹಾಕುವುದಿಲ್ಲ, ಇದೆ ಎಂಬುದಕ್ಕೆ ಹಾಕುತ್ತೇನೆ" ಎಂದರು. ಮೂರು ವಾರ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಮೇಜಿನ ಒಂದು ಸಡಿಲ ತಂತಿಯೇ. ಪ್ರೋಗ್ರಾಮಿನಲ್ಲಿ ದೋಷ ಇರಲಿಲ್ಲ. ಮೂರು ವಾರ ದಂಡ ಎಂದು ಕೆಲವರು ನಕ್ಕರು. ಮೇಡಂ ಅಂದೇ ಮಧ್ಯಾಹ್ನ ಸಹಿ ಹಾಕಿದರು. ಆ ವರ್ಷ ಅವರಿಗೆ ಬಡ್ತಿ ಸಿಗಲಿಲ್ಲ. ನಾನು ಈ ಕೆಲಸದಲ್ಲಿ ಕಲಿತದ್ದರಲ್ಲಿ ದೊಡ್ಡದು ಅವರಿಂದಲೇ.

ಇಷ್ಟು ಕಟ್ಟುನಿಟ್ಟು ಯಾಕೆ ಎನ್ನುವುದಕ್ಕೆ ನಮ್ಮ ಬೆಂಗಳೂರಿನದೇ ಒಂದು ನೋವಿನ ನೆನಪಿದೆ. ಎನ್‌ಎಎಲ್ ರೂಪಿಸಿದ ಸಾರಸ್ ಎಂಬ ಸಣ್ಣ ಪ್ರಯಾಣಿಕ ವಿಮಾನ 29 ಮೇ 2004ರಂದು ಮೊದಲು ಹಾರಿತು. ಪಿಟಿ6ಎ ಎಂಜಿನ್ನುಗಳು, ಪ್ರೊಪೆಲ್ಲರ್ ಹಿಂದಕ್ಕೆ. ಅದರ ಎರಡನೇ ಮಾದರಿ 6 ಮಾರ್ಚ್ 2009ರಂದು ಒಂದು ಎಂಜಿನ್ನನ್ನು ಹಾರಾಟದಲ್ಲೇ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಮಾಡುವಾಗ ಬಿಡದಿಯ ಬಳಿ ಬಿತ್ತು. ವಾಯುಪಡೆಯ ಇಬ್ಬರು ಪೈಲಟ್ಟುಗಳು ಮತ್ತು ಪರೀಕ್ಷಾ ಎಂಜಿನಿಯರ್ ಒಬ್ಬರು ತೀರಿಕೊಂಡರು. ಮತ್ತೆ ಹೊತ್ತಿಸುವ ಕ್ರಮವೇ ಸರಿಯಿರಲಿಲ್ಲ, ಎತ್ತರವೂ ಸಾಕಾಗಲಿಲ್ಲ ಎಂದು ತನಿಖೆ ಹೇಳಿತು. ಗ್ಯಾಸ್ ಒಲೆ ಹಚ್ಚುವಾಗ ಮೊದಲು ಕಡ್ಡಿ ಗೀರು, ಆಮೇಲೆ ಗ್ಯಾಸ್ ತಿರುಗಿಸು ಎಂದು ಅಮ್ಮ ಕಲಿಸುತ್ತಾಳೆ. ಟರ್ಬೈನಿಗೂ ಹೀಗೆ ಒಂದಾದ ಮೇಲೊಂದು ಕ್ರಮವಿದೆ. ಆ ಕ್ರಮವನ್ನು ಕಾಗದದ ಮೇಲೆ ಬರೆಯುವವನು ಬೆಚ್ಚನೆಯ ಕೋಣೆಯಲ್ಲಿ ಕುಳಿತಿರುತ್ತಾನೆ, ಅದನ್ನು ನಂಬಿ ಮಾಡುವವರು ಆಕಾಶದಲ್ಲಿರುತ್ತಾರೆ. ನನ್ನಂಥವರು ದಿನಾ ಬೆಳಿಗ್ಗೆ ನೆನಪಿಡಬೇಕಾದ ಮಾತು ಇದು. ಸಾರಸ್ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಸುಧಾರಿಸಿದ ಮಾದರಿ 2018ರ ಜನವರಿಯಲ್ಲಿ ಮತ್ತೆ ಹಾರಿತು.

ಮಕ್ಕಳೇ, ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಥ ಕೆಲಸ ಸಿಗುತ್ತದೆಯೇ ಎಂದು ನಿಮ್ಮ ಮನೆಯವರು ಕೇಳುತ್ತಿರಬಹುದು. ಇವತ್ತು ನಾನು ಹೇಳಿದ್ದರಲ್ಲಿ ಏನೇನಿತ್ತು ನೋಡಿ: ಒತ್ತಡ, ಸಾಂದ್ರತೆ, ಉಷ್ಣತೆ, ಮಾನ. ಇವನ್ನೆಲ್ಲ ನಾನು ಕಲಿತದ್ದು ಈ ಕಟ್ಟಡದಲ್ಲಿ, ಕನ್ನಡದಲ್ಲಿ. ಬಿ.ಇ. ಮೊದಲ ವರ್ಷ ಇಂಗ್ಲಿಷಿನ ಹೆಸರುಗಳು ಹೊಸದಾಗಿದ್ದವು, ಕಷ್ಟವೂ ಆಯಿತು. ಆದರೆ ಹೆಸರಿನ ಹಿಂದಿದ್ದ ವಸ್ತು ನನಗೆ ಗೊತ್ತಿತ್ತು. ಹೆಸರು ಕಲಿಯಲು ಆರು ತಿಂಗಳು ಸಾಕು.

ಕೊನೆಗೆ ನಮ್ಮ ತಂಡದ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ ಬ್ಯಾಚಿನ ಒಂದು ಸಣ್ಣ ಕಾಣಿಕೆ. ಶಾಲೆಗೆ ಒಂದು ಮಳೆಮಾಪಕ ಮತ್ತು ಗಟ್ಟಿ ರಟ್ಟಿನ ಒಂದು ದಪ್ಪ ಪುಸ್ತಕ ಕೊಡುತ್ತಿದ್ದೇವೆ. ನಮ್ಮ ಮಳೆ ಎಷ್ಟು ಎಂದು ಕೇಳಿದರೆ ಎಲ್ಲರೂ "ವಿಪರೀತ" ಎನ್ನುತ್ತೇವೆ. ವಿಪರೀತ ಎಂಬುದು ಮಾನವಲ್ಲ. ಒಂಬತ್ತನೇ ತರಗತಿಯವರು ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು, ಮಿಲಿಮೀಟರಿನಲ್ಲಿ ಬರೆದು, ಅಳೆದವರು ಸಹಿ ಹಾಕಿ. ಹವಾಮಾನ ಇಲಾಖೆಯವರು ಅಳೆಯುವುದೂ ಆ ಹೊತ್ತಿಗೇ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸೊನ್ನೆ ಬರುತ್ತದೆ, ಆಗಲೂ ಹೋಗಿ ನೋಡಿಯೇ ಸೊನ್ನೆ ಬರೆಯಿರಿ. ಯಾವತ್ತಾದರೂ ಅಳೆಯಲು ಆಗದಿದ್ದರೆ ಆ ಸಾಲನ್ನು ಖಾಲಿ ಬಿಡಿ, ಅಂದಾಜಿನಿಂದ ತುಂಬಬೇಡಿ. ಮುಂದೆ ಶಾಲೆಯ ನೂರನೇ ವರ್ಷಕ್ಕೆ ಯಾರೋ ಒಬ್ಬರು ಆ ಪುಸ್ತಕ ತೆರೆದಾಗ, ಅದರಲ್ಲಿರುವ ಪ್ರತಿಯೊಂದು ಅಂಕಿಯನ್ನೂ ನಂಬುವಂತಿರಬೇಕು.